ಹಳೇ ಮ್ಯಾಪು, ಹಳೇ ಚಿತ್ರ ಹಿಡ್ಕೊಂಡು ಮಧ್ಯಯುಗದ ಪ್ರಪಂಚ ಸುತ್ತೋದು ಹೇಗೆ

ಮಧ್ಯಯುಗದ ಪ್ರಪಂಚ ಇತಿಹಾಸ ತಿಳ್ಕೋಬೇಕು ಅನ್ನೋರಿಗೆ ನಾನು ಹೇಳೋದು ಇಷ್ಟೇ, ಮೊದ್ಲೇ ದಪ್ಪ ಪುಸ್ತಕಕ್ಕೆ ಕೈ ಹಾಕ್ಬೇಡಿ, ಆ ಕಾಲದ ಜನಾನೇ ಬರ್ದಿರೋ ಒಂದು ಮ್ಯಾಪ್ ಓಪನ್ ಮಾಡಿ. ಸುಮಾರು 500ರಿಂದ 1500ರ ತನಕದ ಸಾವಿರ ವರ್ಷ ಅಂದ್ರೆ ನಾವು ಸ್ಕೂಲಲ್ಲಿ ಓದಿದ್ದು ಏನು ಹೇಳಿ, ಯೂರೋಪಿನ ಕತ್ತಲೆ ಯುಗ ಅಂತ ಒಂದೆರಡು ಪುಟ, ಆಮೇಲೆ ದೆಹಲಿ ಸುಲ್ತಾನರು ಒಂದು ಪಾಠ, ಹೊಯ್ಸಳರು ಒಂದು ಪಾಠ, ವಿಜಯನಗರ ಇನ್ನೊಂದು ಪಾಠ, ಒಂದಕ್ಕೊಂದು ಸಂಬಂಧಾನೇ ಇಲ್ಲ ಅನ್ನೋ ಹಾಗೆ. ಮ್ಯಾಪು ಚಿತ್ರ ನೋಡ್ತಾ ಹೋದ್ರೆ ಈ ಗೋಡೆಗಳು ಬಿದ್ದು ಹೋಗ್ತವೆ. ಕೈರೋ ಹತ್ರ ಇದ್ದ ವ್ಯಾಪಾರಿಗೆ ಮಂಗಳೂರು ಗೊತ್ತಿತ್ತು, ಪೋರ್ಚುಗೀಸರು ಆಫ್ರಿಕಾ ಸುತ್ತೋಕೆ ಮುಂಚೆನೇ ಕೊರಿಯಾದೋರು ಆಫ್ರಿಕಾದ ತುದಿ ಬರ್ದಿದ್ರು, ಸಿಸಿಲಿಯ ಕ್ರೈಸ್ತ ರಾಜನಿಗೆ ಮುಸ್ಲಿಂ ಪಂಡಿತ ಪ್ರಪಂಚದ ಮ್ಯಾಪ್ ಮಾಡಿಕೊಟ್ಟಿದ್ದ. ಇದೆಲ್ಲ ಇವತ್ತು ಒಳ್ಳೇ ರೆಸಲ್ಯೂಷನ್ನಲ್ಲಿ ಫ್ರೀಯಾಗಿ ಸಿಗುತ್ತೆ, ಹೆಂಗೆ ನೋಡ್ಬೇಕು ಅಂತ ಗೊತ್ತಿದ್ರೆ ಸಾಕು, ಅದನ್ನೇ ಇಲ್ಲಿ ಬರೀತಿದೀನಿ.

ಬೇಕಾಗೋದು ಜಾಸ್ತಿ ಏನಿಲ್ಲ. ಫೋನಲ್ಲೂ ಆಗುತ್ತೆ, ಆದ್ರೆ ಲ್ಯಾಪ್‌ಟಾಪ್ ಇದ್ರೆ ಒಳ್ಳೇದು ಯಾಕಂದ್ರೆ ಝೂಮ್ ಮಾಡ್ತಾ ಪಕ್ಕದಲ್ಲಿ ಗೂಗಲ್ ಅರ್ಥ್ ತೆಗೆದಿಟ್ಕೋಬಹುದು. ಒಂದು ನೋಟ್‌ಬುಕ್ಕು ಪೆನ್ನು ಇರ್ಲಿ. ಮತ್ತೆ ದಯವಿಟ್ಟು ಒಂದೇ ಸಲಕ್ಕೆ ಇಪ್ಪತ್ತು ಮ್ಯಾಪ್ ಡೌನ್‌ಲೋಡ್ ಮಾಡ್ಕೋಬೇಡಿ, ಒಂದು ತಗೊಳ್ಳಿ, ಅದರ ಜೊತೆ ಒಂದು ವಾರ ಕೂತ್ಕೊಳ್ಳಿ.

ಆ ಮೊದಲನೇ ಒಂದು ಯಾವುದು ಅಂದ್ರೆ ನನ್ನ ಪ್ರಕಾರ ಕ್ಯಾಟಲನ್ ಅಟ್ಲಾಸ್. 1375ರದ್ದು, ಮೆಡಿಟರೇನಿಯನ್ ಸಮುದ್ರದ ಮಯೋರ್ಕಾ ದ್ವೀಪದಲ್ಲಿದ್ದ ಅಬ್ರಹಾಂ ಕ್ರೆಸ್ಕೆಸ್ ಅನ್ನೋ ಯಹೂದಿ ಮ್ಯಾಪ್‌ಕಾರ ಮಾಡಿದ್ದು ಅಂತ ಹೇಳ್ತಾರೆ. ಈಗ ಇರೋದು ಪ್ಯಾರಿಸ್‌ನ ಫ್ರಾನ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಅವರ ಡಿಜಿಟಲ್ ಲೈಬ್ರರಿ ಹೆಸರು ಗ್ಯಾಲಿಕಾ, ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅಟ್ಲಾಸ್ ಕ್ಯಾಟಲನ್ ಅಂತ ಹೊಡೆದ್ರೆ ಬರುತ್ತೆ, ಶೆಲ್ಫ್ ಗುರುತು, ಅಂದ್ರೆ ಲೈಬ್ರರೀಲಿ ಆ ಹಸ್ತಪ್ರತಿಗೆ ಕೊಟ್ಟಿರೋ ನಂಬರ್, ಎಸ್ಪಾನ್ಯೋಲ್ 30. ಚರ್ಮದ ಹಾಳೆ ಆರು, ಎರಡರಲ್ಲಿ ಪಂಚಾಂಗ ಜ್ಯೋತಿಷ್ಯ ಸಮುದ್ರದ ಉಬ್ಬರ ಇಳಿತದ ಲೆಕ್ಕ ಎಲ್ಲಾ ಇದೆ, ಉಳಿದ ನಾಲ್ಕು ಸೇರಿದ್ರೆ ಅಟ್ಲಾಂಟಿಕ್‌ನಿಂದ ಚೀನಾ ತನಕ ಒಂದೇ ಮ್ಯಾಪು.

ತೆಗೆದ ತಕ್ಷಣ ನೀವು ಮಾಡೋ ಮೊದಲನೇ ಕೆಲಸ ಏನು ಗೊತ್ತಾ, ಇಂಡಿಯಾ ಎಲ್ಲಿದೆ ಅಂತ ಹುಡುಕ್ತೀರಿ. ಹುಡುಕಿ, ತಪ್ಪೇನಿಲ್ಲ, ಯೂರೋಪಿನ ಮ್ಯಾಪುಗಳಲ್ಲಿ ಇಂಡಿಯಾನ ಪರ್ಯಾಯದ್ವೀಪದ ಆಕಾರಕ್ಕೆ ತಂದಿದ್ದರಲ್ಲಿ ಇದು ತುಂಬಾ ಮೊದಲಿನದು, ದೆಹಲಿ ಸುಲ್ತಾನನ ಚಿತ್ರಾನೂ ಇದೆ ಆನೆನೂ ಇದೆ. ಆದ್ರೆ ಎರಡನೇ ಕೆಲಸ ಅಂತ ಎಲ್ಲರೂ ಮಾಡೋದೊಂದಿದೆ, ಅಯ್ಯೋ ಇದು ತಪ್ಪು ಅದು ತಪ್ಪು ಅಂತ ಇವತ್ತಿನ ಮ್ಯಾಪ್ ಪಕ್ಕ ಇಟ್ಟು ಮಾರ್ಕ್ಸ್ ಹಾಕೋದು, ಅದು ಮಾತ್ರ ಬೇಡ. ಮಧ್ಯಯುಗದ ಮ್ಯಾಪ್‌ಗೆ ಕೇಳ್ಬೇಕಾಗಿರೋ ಪ್ರಶ್ನೆಗಳೇ ಬೇರೆ, ಬರ್ದೋನು ಎಲ್ಲಿ ಕೂತಿದ್ದ, ಸುದ್ದಿ ಯಾರಿಂದ ಸಿಕ್ತು, ಯಾರು ನೋಡ್ಲಿ ಅಂತ ಬರ್ದ. ಈ ಮೂರು ಕೇಳ್ತಾ ಹೋದ್ರೆ ತಪ್ಪು ಅಂತ ಕಾಣೋ ಜಾಗಗಳೇ ಜಾಸ್ತಿ ಮಾತಾಡ್ತವೆ.

ಈಗ ಕೆಳಗಡೆ ಎಡಕ್ಕೆ ಬನ್ನಿ, ಸಹಾರಾ ಮರುಭೂಮಿ ದಾಟಿದ ಮೇಲೆ ಕಿರೀಟ ಹಾಕ್ಕೊಂಡು ಕೈಯಲ್ಲಿ ಬಂಗಾರದ ದುಂಡನೆ ಬಿಲ್ಲೆ ಹಿಡ್ಕೊಂಡು ಕೂತಿರೋ ಒಬ್ಬ ಕಪ್ಪು ಬಣ್ಣದ ರಾಜ ಕಾಣ್ತಾನೆ. ಮಾಲಿ ಸಾಮ್ರಾಜ್ಯದ ಮಾನ್ಸಾ ಮೂಸಾ. ಎದುರಿಗೆ ಒಂಟೆ ಮೇಲೆ ಮುಖ ಮುಚ್ಕೊಂಡು ಬರ್ತಿರೋ ಮರುಭೂಮಿ ಸವಾರ. ಪಕ್ಕದಲ್ಲಿ ಬರ್ದಿರೋದು, ಈ ರಾಜನ ನಾಡಲ್ಲಿ ಅಷ್ಟು ಬಂಗಾರ ಸಿಗುತ್ತೆ, ಈ ಕಡೆಗೆಲ್ಲ ಇವನೇ ಶ್ರೀಮಂತ ಅಂತ. ಮೂಸಾ 1324ರಲ್ಲಿ ಹಜ್‌ಗೆ ಹೋಗ್ತಾ ಕೈರೋದಲ್ಲಿ ಎಷ್ಟು ಬಂಗಾರ ಹಂಚಿದ ಅಂದ್ರೆ ಅಲ್ಲಿ ಚಿನ್ನದ ರೇಟೇ ಬಿದ್ದೋಯ್ತು, ಅಲ್ ಉಮರಿ ಅನ್ನೋ ಲೇಖಕ ಹತ್ತು ಹನ್ನೆರಡು ವರ್ಷ ಆದ್ಮೇಲೆ ಕೈರೋಗೆ ಹೋದಾಗ್ಲೂ ಜನ ಅದನ್ನೇ ಮಾತಾಡ್ತಿದ್ರು. ಈಗ ಪ್ರಶ್ನೆ ಕೇಳಿ. 1375ರಲ್ಲಿ ಮೂಸಾ ಸತ್ತು ದಶಕಗಳೇ ಆಗಿವೆ, ಆದ್ರೂ ಅವನೇ ರಾಜ ಅಂತ ಬರ್ದಿದಾರೆ, ಯಾಕೆ? ಸುದ್ದಿ ಸಹಾರಾ ದಾಟಿ ಬರೋದು ವ್ಯಾಪಾರಿಗಳ ಬಾಯಲ್ಲಿ, ಅವರ ನೆನಪಲ್ಲಿ ಗಟ್ಟಿಯಾಗಿ ನಿಂತಿದ್ದು ಬಂಗಾರ ಹಂಚಿದ ರಾಜ. ಮಯೋರ್ಕಾಗೇ ಈ ಸುದ್ದಿ ಯಾಕೆ ಬಂತು? ಅಲ್ಲಿಂದ ಉತ್ತರ ಆಫ್ರಿಕಾದ ಬಂದರುಗಳು ಹತ್ರ, ಎರಡೂ ಕಡೆ ಯಹೂದಿ ವ್ಯಾಪಾರಿಗಳಿದ್ರು, ನೆಂಟಸ್ತನ ಇತ್ತು. ನೋಡಿ, ಒಂದು ಚಿತ್ರದಿಂದ ಸಹಾರಾ ವ್ಯಾಪಾರ, ಇಸ್ಲಾಂನ ಯಾತ್ರೆ, ಯೂರೋಪಿನ ಚಿನ್ನದ ಹಸಿವು ಮೂರೂ ಬಂತು. ಇದನ್ನ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ಆಮೇಲೆ ಮಾಲಿ ಬಗ್ಗೆ ಓದಿ, ಈಗ ಓದೋದು ತಲೇಲಿ ನಿಲ್ಲುತ್ತೆ.

ಹಾಗೇ ಮೇಲಕ್ಕೆ ಹೋದ್ರೆ ಒಂಟೆ ಕುದುರೆ ಕಟ್ಕೊಂಡು ಚೀನಾ ಕಡೆ ಹೋಗ್ತಿರೋ ಒಂದು ಕ್ಯಾರವಾನ್ ಇದೆ, ಮಾರ್ಕೋ ಪೋಲೋ ಕಾಲದ ಪ್ರಯಾಣ ನೆನಪಿಸೋ ಚಿತ್ರ, ಆದ್ರೆ ತಲೆಕೆಳಗಾಗಿದೆ. ಸ್ಕ್ಯಾನ್ ತಪ್ಪಿಲ್ಲ. ಈ ಅಟ್ಲಾಸನ್ನ ಗೋಡೆಗೆ ನೇತುಹಾಕೋಕೆ ಮಾಡಿರ್ಲಿಲ್ಲ, ದೊಡ್ಡ ಮೇಜಿನ ಮೇಲೆ ಹಾಸಿ ಸುತ್ತ ನಡೀತಾ ನೋಡೋಕೆ ಮಾಡಿದ್ದು, ಉತ್ತರದ ಕಡೆ ನಿಂತೋರಿಗೆ ಆ ಕ್ಯಾರವಾನ್ ನೆಟ್ಟಗೇ ಕಾಣುತ್ತೆ. ಆದ್ದರಿಂದ ಇಮೇಜ್ ವ್ಯೂವರ್‌ನಲ್ಲಿ ರೊಟೇಟ್ ಬಟನ್ ಎಲ್ಲಿದೆ ಅಂತ ಮೊದ್ಲೇ ನೋಡಿಟ್ಕೊಳ್ಳಿ, ಈ ಕೆಲಸದಲ್ಲಿ ಅದಕ್ಕಿಂತ ಉಪಯೋಗದ ಬಟನ್ ಇಲ್ಲ. ಅಟ್ಲಾಸಿನ ಬರವಣಿಗೆ ಹಳೇ ಕ್ಯಾಟಲನ್ ಭಾಷೇಲಿದೆ, ಫೋನ್ ಕ್ಯಾಮೆರಾ ಟ್ರಾನ್ಸ್‌ಲೇಟ್‌ಗೆ ಆ ಕೈಬರಹ ಸಿಕ್ಕೋದು ಕಷ್ಟ, ಕ್ರೆಸ್ಕೆಸ್ ಪ್ರಾಜೆಕ್ಟ್ ಅಂತ ಒಂದು ಸೈಟಲ್ಲಿ ಇಂಗ್ಲಿಷ್ ಅನುವಾದ ಹಾಕಿದಾರೆ, ಅದನ್ನ ಪಕ್ಕದಲ್ಲಿ ಇಟ್ಕೊಳ್ಳಿ.

ಎರಡನೇ ವಾರಕ್ಕೆ ಅಲ್ ಇದ್ರಿಸಿ ಅನ್ನೋ ಮುಸ್ಲಿಂ ಪಂಡಿತನ ಮ್ಯಾಪು. ಇವನು ಸಿಸಿಲಿಯ ನಾರ್ಮನ್ ರಾಜ ಎರಡನೇ ರೋಜರ್ ಆಸ್ಥಾನದಲ್ಲಿ, ಪಲೆರ್ಮೋ ಊರಲ್ಲಿ ಕೂತು 1154ರಲ್ಲಿ ಮುಗಿಸಿದ ಕೆಲಸ. ಸುಮಾರು 15 ವರ್ಷ ಬಂದರಿಗೆ ಬಂದ ಪ್ರಯಾಣಿಕರನ್ನೆಲ್ಲ ಕೂರಿಸ್ಕೊಂಡು ವಿಚಾರಿಸಿ, ಒಬ್ಬ ಹೇಳಿದ್ದಕ್ಕೂ ಇನ್ನೊಬ್ಬ ಹೇಳಿದ್ದಕ್ಕೂ ತಾಳೆ ನೋಡಿ, ಪ್ರಪಂಚನ ಏಳು ಪಟ್ಟಿ ಮಾಡಿ ಒಂದೊಂದು ಪಟ್ಟೀನ ಹತ್ತು ಭಾಗ ಮಾಡಿ ಒಟ್ಟು 70 ಮ್ಯಾಪ್ ಬರ್ದ. ಬೆಳ್ಳಿ ತಗಡಿನ ಮೇಲೂ ಒಂದು ಪ್ರಪಂಚ ಕೆತ್ತಿಸಿದ್ರು, ಅದು ಕೆಲವೇ ವರ್ಷದಲ್ಲಿ ನಡೆದ ಗಲಭೇಲಿ ಹಾಳಾಯ್ತು. ಆ ಆಸ್ಥಾನದಲ್ಲಿ ಅರಬ್ಬಿ, ಗ್ರೀಕ್, ಲ್ಯಾಟಿನ್ ಮೂರೂ ನಡೀತಿತ್ತು, ಎರಡನೇ ಕ್ರುಸೇಡ್ ಯುದ್ಧ ಆಗಿ ಇನ್ನೂ ಹತ್ತು ವರ್ಷ ಕೂಡ ಆಗಿರ್ಲಿಲ್ಲ ಅನ್ನೋದು ನೆನಪಿಟ್ಕೊಂಡು ಈ ಮ್ಯಾಪ್ ನೋಡಿ. ಕ್ರೈಸ್ತರು ಮುಸ್ಲಿಮರು ಬರೀ ಹೊಡೆದಾಡ್ಕೊಂಡೇ ಇದ್ರು ಅನ್ನೋ ಕಥೆಗೆ ಇದೊಂದು ದೊಡ್ಡ ಉತ್ತರ, ಅದಕ್ಕೇ ನನಗೆ ಈ ಮ್ಯಾಪ್ ಮೇಲೆ ಅಷ್ಟು ಪ್ರೀತಿ.

ಇದ್ರಿಸಿ ಮ್ಯಾಪಲ್ಲಿ ದಕ್ಷಿಣ ಮೇಲಿದೆ. ಅರಬ್ಬಿ ಮ್ಯಾಪುಗಳಲ್ಲಿ ಆಗ ಅದು ರೂಢಿ. ಮೊದ್ಲು ತಿರುಗಿಸದೇ ಹತ್ತು ನಿಮಿಷ ನೋಡಿ, ಆಫ್ರಿಕಾ ಮೇಲುಗಡೆ ಉದ್ದಕ್ಕೆ ಪೂರ್ವದ ತನಕ ಎಳ್ಕೊಂಡು ಹೋಗಿದೆ, ಹಿಂದೂ ಮಹಾಸಾಗರ ಒಂದು ಉದ್ದನೆ ಕೊಲ್ಲಿ ಥರ ಒಳಗೆ ಸಿಕ್ಕಿದೆ, ಶ್ರೀಲಂಕಾ ದೊಡ್ಡದಾಗಿದೆ, ನಮ್ಮ ಪರ್ಯಾಯದ್ವೀಪ ಇದೆಯೋ ಇಲ್ಲವೋ ಅನ್ನೋ ಹಾಗಿದೆ. ಇದು ಇದ್ರಿಸಿಗಿಂತ ಸಾವಿರ ವರ್ಷ ಹಿಂದಿನ ಗ್ರೀಕ್ ಪಂಡಿತ ಟಾಲೆಮಿ ಲೆಕ್ಕದ ಪ್ರಭಾವ. ಸಿಸಿಲಿ, ಇಟಲಿ, ಉತ್ತರ ಆಫ್ರಿಕಾ ನೋಡಿ, ಎಷ್ಟು ಊರು ಎಷ್ಟು ವಿವರ. ಪ್ರಯಾಣಿಕರು ಜಾಸ್ತಿ ಸಿಕ್ಕಿದ ಕಡೆ ಮ್ಯಾಪ್ ತುಂಬಿದೆ, ಸಿಗದ ಕಡೆ ಹಳೇ ಪುಸ್ತಕ ಕೆಲಸ ಮಾಡಿದೆ. ಯಾವ ಮ್ಯಾಪಲ್ಲೇ ಆಗ್ಲಿ ಈ ಎರಡನ್ನ ಬೇರೆ ಬೇರೆ ಮಾಡೋದು ಕಲೀರಿ, ಕಣ್ಣಲ್ಲಿ ನೋಡ್ದೋರ ಸುದ್ದಿ ಎಲ್ಲಿ, ಪುಸ್ತಕದಿಂದ ಎತ್ತಿದ್ದು ಎಲ್ಲಿ.

ಇಲ್ಲಿ ಒಂದು ಎಚ್ಚರಿಕೆ ಹೇಳ್ಲೇಬೇಕು. ನೆಟ್ಟಲ್ಲಿ 1154ರ ಇದ್ರಿಸಿ ಮ್ಯಾಪ್ ಅಂತ ಓಡಾಡ್ತಿರೋ ಉದ್ದನೆ ಆಯತಾಕಾರದ, ಇಂಗ್ಲಿಷ್ ಥರದ ಅಕ್ಷರದಲ್ಲಿ ಊರ ಹೆಸರಿರೋ ಚಂದದ ಮ್ಯಾಪು 1154ರದ್ದಲ್ಲ, ಕೊನ್ರಾಡ್ ಮಿಲ್ಲರ್ ಅನ್ನೋ ಜರ್ಮನ್ ವಿದ್ವಾಂಸ 1928ರಲ್ಲಿ ಆ 70 ತುಂಡುಗಳನ್ನ ಜೋಡಿಸಿ ಹೆಸರುಗಳನ್ನ ಲ್ಯಾಟಿನ್ ಲಿಪಿಗೆ ತಂದು ಮಾಡಿದ್ದು. ಉಪಯೋಗಕ್ಕೆ ಬರುತ್ತೆ, ಆದ್ರೆ ಏನು ಅಂತ ಗೊತ್ತಿದ್ದು ಬಳಸ್ಬೇಕು. ಅಸಲಿಗೆ ಇದ್ರಿಸಿ ಕೈಯಾರೆ ಬರ್ದಿದ್ದು ಯಾವುದೂ ಉಳಿದಿಲ್ಲ, ಇರೋದೆಲ್ಲ ಆಮೇಲಿನ ಪ್ರತಿಗಳು, ಪ್ಯಾರಿಸ್‌ನಲ್ಲೊಂದು ಇದೆ, ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರೀಲಿ 1553ರಲ್ಲಿ ಕೈರೋದಲ್ಲಿ ನಕಲು ಮಾಡಿದ್ದೊಂದು ಇದೆ. ಹಾಗಾಗಿ ಪ್ರತೀ ಚಿತ್ರಕ್ಕೂ ನೋಟ್‌ಬುಕ್ಕಲ್ಲಿ ಎರಡು ಇಸವಿ ಬರೀರಿ, ಮೂಲ ಯಾವಾಗಿನದು, ನಾವು ನೋಡ್ತಿರೋ ಪ್ರತಿ ಯಾವಾಗಿನದು. ಚೀನಾದ ಝೆಂಗ್ ಹೆ 1405ರಿಂದ 1433ರ ತನಕ ಕಲ್ಲಿಕೋಟೆಗೂ ಆಚೆಗೂ ಹಡಗು ತಂದ ದಾರಿ ಮ್ಯಾಪ್ ಅಂತ ಸಿಗೋ ಮಾವ್ ಕುನ್ ಮ್ಯಾಪು ನಮಗೆ ಸಿಕ್ಕಿರೋದು 1628ರ ಒಂದು ಯುದ್ಧವಿದ್ಯೆ ಗ್ರಂಥದಿಂದ, ಇನ್ನೂರು ವರ್ಷ ಆದ್ಮೇಲೆ. ಈ ಅಭ್ಯಾಸ ಒಂದು ಬಂದ್ಬಿಟ್ರೆ ಅರ್ಧ ಗೊಂದಲ ಕಮ್ಮಿ.

ಮೂರನೇದು ಹೆರೆಫರ್ಡ್ ಮ್ಯಾಪು, ಇಂಗ್ಲೆಂಡಿನ ಹೆರೆಫರ್ಡ್ ಕೆಥೀಡ್ರಲ್ಲಲ್ಲಿದೆ, ಸುಮಾರು 1300ರದ್ದು, ಒಂದೇ ಕರುವಿನ ಚರ್ಮದ ಮೇಲೆ, ಎತ್ತರ ಒಂದೂವರೆ ಮೀಟರ್ ದಾಟುತ್ತೆ. ಇದರಲ್ಲಿ ಪೂರ್ವ ಮೇಲೆ, ನಡುವೆ ಜೆರುಸಲೇಂ, ತುದೀಲಿ ಸ್ವರ್ಗದ ತೋಟ, ಇಂಗ್ಲೆಂಡು ಕೆಳಗೆ ಎಡಗಡೆ ಮೂಲೇಲಿ. ಕೆಂಪು ಸಮುದ್ರಕ್ಕೆ ಕೆಂಪು ಬಣ್ಣಾನೇ ಬಳಿದಿದಾರೆ. ಬಂಗಾರದ ದೊಡ್ಡ ಅಕ್ಷರದಲ್ಲಿ ಯೂರೋಪ್ ಅಂತ ಬರೀಬೇಕಾದ ಕಡೆ ಆಫ್ರಿಕಾ, ಆಫ್ರಿಕಾ ಕಡೆ ಯೂರೋಪ್ ಅಂತ ಅದಲು ಬದಲು ಇದೆ. ಇದನ್ನ ನೋಡಿ ದಾರಿ ಹುಡುಕೋಕೆ ಆಗಲ್ಲ, ಬರ್ದೋರ ಉದ್ದೇಶಾನೂ ಅದಲ್ಲ, ಸೃಷ್ಟಿಯಿಂದ ಹಿಡಿದು ಕೊನೇ ತೀರ್ಪಿನ ತನಕ ಇಡೀ ಕ್ರೈಸ್ತ ಕಥೇನ ಒಂದು ಹಾಳೇಲಿ ತೋರಿಸೋದು. ನೋಹನ ಹಡಗು, ಬೇಬಲ್ ಗೋಪುರ, ಅಲೆಕ್ಸಾಂಡರ್ ಹೋದ ಜಾಗ ಎಲ್ಲಾ ಒಂದೇ ಕಾಲದಲ್ಲಿ ಇದ್ದ ಹಾಗೆ ಬರುತ್ತೆ. ನಮ್ಮ ಇಂಡಿಯಾ ಕಡೆ ನೋಡಿದ್ರೆ ಆನೆ ಇದೆ, ಒಂದೇ ಕಾಲಿನ ಮನುಷ್ಯ ಬಿಸಿಲಿಗೆ ತನ್ನ ಪಾದಾನೇ ಕೊಡೆ ಮಾಡ್ಕೊಂಡಿದಾನೆ. ಗ್ರೀಕರ ಕಾಲದಿಂದ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗಿ ಬಂದ ಕಥೆ ಅದು. ಹೆರೆಫರ್ಡ್ ಊರಿರೋ ಜಾಗ ಮಾತ್ರ ನೋಡ್ದೋರೆಲ್ಲ ಇಲ್ಲಿದೀವಿ ನೋಡು ಅಂತ ಬೆರಳಿಟ್ಟು ಇಟ್ಟು ಸವೆದು ಹೋಗಿದೆ, ಏಳ್ನೂರು ವರ್ಷದ ಬೆರಳು. ಕೆಥೀಡ್ರಲ್‌ನೋರ ಸೈಟಲ್ಲಿ ಒಂದೊಂದು ಚಿತ್ರದ ಮೇಲೂ ಕ್ಲಿಕ್ ಮಾಡಿ ಓದೋ ಹಾಗೆ ಮ್ಯಾಪ್ ಇಟ್ಟಿದಾರೆ. ಹಾ, ಇದನ್ನ ನೋಡಿ ಆಗಿನೋರು ಭೂಮಿ ಚಪ್ಪಟೆ ಅನ್ಕೊಂಡಿದ್ರು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಭೂಮಿ ಗೋಳ ಅಂತ ಆ ಕಾಲದ ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ಪಾಠಾನೇ ಇತ್ತು.

ಇವು ಮೂರಾದ್ಮೇಲೆ ಪೂರ್ವಕ್ಕೆ ಹೋಗ್ಲೇಬೇಕು, ಇಲ್ಲಾಂದ್ರೆ ಪ್ರಪಂಚ ಅಂದ್ರೆ ಮೆಡಿಟರೇನಿಯನ್ ಅನ್ಕೊಂಡು ಕೂತ್ಬಿಡ್ತೀವಿ. 1402ರಲ್ಲಿ ಕೊರಿಯಾದಲ್ಲಿ ಮಾಡಿದ ಕಾಂಗ್ನಿಡೋ ಮ್ಯಾಪ್ ತಗೊಳ್ಳಿ, ಜೋಸನ್ ವಂಶ ಬಂದು ಹತ್ತೇ ವರ್ಷ ಆಗಿತ್ತು, ಹೊಸ ರಾಜ್ಯ ತಾನು ಪ್ರಪಂಚದಲ್ಲಿ ಎಲ್ಲಿದೀನಿ ಅಂತ ಹೇಳ್ಕೋಬೇಕಿತ್ತು. ಮೂಲ ಉಳಿದಿಲ್ಲ, ಒಳ್ಳೇ ಪ್ರತಿ ಜಪಾನಿನ ಕ್ಯೋಟೋದ ರ್ಯುಕೋಕು ವಿಶ್ವವಿದ್ಯಾಲಯದಲ್ಲಿದೆ. ನಡುವೆ ಚೀನಾ ಬೃಹತ್ತಾಗಿ, ಬಲಕ್ಕೆ ಕೊರಿಯಾ ಅದರ ಅಸಲಿ ಅಳತೆಗಿಂತ ಎಷ್ಟೋ ದೊಡ್ಡದಾಗಿ, ಜಪಾನ್ ಸಣ್ಣಗೆ ಕೆಳಗಡೆ. ಯಾರು ಬರ್ದಿದ್ದು ಯಾರಿಗೆ ಬರ್ದಿದ್ದು ಅಂತ ಸೈಜೇ ಹೇಳುತ್ತೆ. ಈಗ ಎಡಗಡೆ ತುದಿ ನೋಡಿ, ಕೆಳಕ್ಕೆ ಚೂಪಾಗಿ ಇಳಿದಿರೋ ಆಫ್ರಿಕಾ, ಒಳಗೊಂದು ದೊಡ್ಡ ನೀರು. ಪೋರ್ಚುಗೀಸ್ ನಾವಿಕ ಡಯಾಸ್ ಆಫ್ರಿಕಾ ತುದಿ ಸುತ್ತಿದ್ದು 1488ರಲ್ಲಿ, ಇದು ಅದಕ್ಕೂ ಮುಂಚೆ. ಕೊರಿಯಾದೋರು ಹೋಗಿ ನೋಡಿ ಬಂದಿದ್ದಲ್ಲ, ಮಂಗೋಲರ ಆಳ್ವಿಕೆಯಲ್ಲಿ ಪರ್ಷಿಯಾ ಅರಬ್ ಪಂಡಿತರ ಭೂಗೋಳ ಚೀನಾಗೆ ಬಂತು, ಚೀನಾದ ಮ್ಯಾಪಿಂದ ಕೊರಿಯಾಗೆ ಬಂತು. ಇಂಡಿಯಾ ಮಾತ್ರ ಇದರಲ್ಲೂ ಸರಿಯಾಗಿ ಸಿಗಲ್ಲ, ಚೀನಾದ ಪಕ್ಕದಲ್ಲೇ ಕರಗಿ ಹೋಗಿದೆ.

ಚೀನಾದ್ದೇ ಒಂದು ನೋಡ್ಬೇಕು ಅಂದ್ರೆ ಷಿಯಾನ್ ಊರಿನ ಶಿಲಾಶಾಸನಗಳ ಮ್ಯೂಸಿಯಂನಲ್ಲಿ 1136ರ ಒಂದು ಕಲ್ಲಿದೆ, ಯು ಜಿ ತು ಅಂತ. ಕಲ್ಲಿನ ಮೇಲೆ ಚೌಕ ಚೌಕ ಗೆರೆ, ಒಂದೊಂದು ಚೌಕ ನೂರು ಲಿ (ಲಿ ಅಂದ್ರೆ ಚೀನಾದ ದೂರದ ಅಳತೆ) ದೂರಕ್ಕೆ ಸಮ, ಚೌಕಗಳು 5,000ಕ್ಕೂ ಜಾಸ್ತಿ. ಹಳದಿ ನದಿ, ಯಾಂಗ್ಟ್ಸಿ ನದಿ, ಕರಾವಳಿ ಎಲ್ಲಾ ಇವತ್ತಿನ ಮ್ಯಾಪ್ ಜೊತೆ ಇಟ್ರೆ ಬೆರಗಾಗ್ತೀರಿ. ಕಾಗದ ಒತ್ತಿ ಪ್ರಿಂಟ್ ತಗೊಳ್ಳೋಕೆ ಅನುಕೂಲ ಆಗ್ಲಿ ಅಂತಾನೇ ಕಲ್ಲಲ್ಲಿ ಕೆತ್ತಿದ್ದು, ಅಂಥ ಒಂದು ಪ್ರತಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೈಟಲ್ಲಿದೆ.

ಮ್ಯಾಪು ಸಾಕು, ಈಗ ಚಿತ್ರಕ್ಕೆ ಬರೋಣ. ಮ್ಯಾಪು ಊರು ತೋರಿಸುತ್ತೆ, ಊರಲ್ಲಿ ಜನ ಹೆಂಗಿದ್ರು ಅಂತ ಚಿತ್ರಾನೇ ಹೇಳ್ಬೇಕು. ನನ್ನ ಮೆಚ್ಚಿನದು 1237ರಲ್ಲಿ ಯಾಹ್ಯಾ ಅಲ್ ವಾಸಿತಿ ಬಾಗ್ದಾದ್ ಕಡೆ ಚಿತ್ರ ಬರೆದ ಮಕಾಮಾತ್ ಅನ್ನೋ ಅರಬ್ಬಿ ಕಥೆಗಳ ಹಸ್ತಪ್ರತಿ, ಇದೂ ಗ್ಯಾಲಿಕಾದಲ್ಲಿದೆ, ಶೆಲ್ಫ್ ಗುರುತು ಅರಬ್ 5847. ಲೈಬ್ರರೀಲಿ ಪುಸ್ತಕಗಳನ್ನ ಮಲಗಿಸಿ ಜೋಡಿಸಿರೋದು, ಗುಲಾಮರ ಸಂತೆ, ಒಂಟೆ ಹಿಂಡು, ಹಳ್ಳಿ ಮನೆ ಮೇಲೆ ಕೋಳಿ, ಎಲ್ಲಾ ಇದೆ. ಅದರಲ್ಲಿ ಒಂದು ಹಡಗಿನ ಚಿತ್ರ ಬರುತ್ತೆ, ಅಲ್ಲಿ ನಿಲ್ಲಿ. ಹಲಗೆಗಳನ್ನ ಮೊಳೆ ಹೊಡೆದಿಲ್ಲ, ಹಗ್ಗದಲ್ಲಿ ಹೊಲಿದಿದಾರೆ, ಹೊಲಿಗೆ ಗುರುತು ಕಾಣುತ್ತೆ. ಕಿಂಡೀಲಿ ಪ್ರಯಾಣಿಕರ ಮುಖ, ಮೇಲೆ ಕೆಲಸ ಮಾಡ್ತಿರೋರು ಕಪ್ಪು ಮೈಬಣ್ಣದ ನಾವಿಕರು, ಹಿಂಭಾಗಕ್ಕೆ ಚುಕ್ಕಾಣಿ, ಲಂಗರು ಎಲ್ಲಾ ಸ್ಪಷ್ಟ. ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ಹಡಗು ಅಂದ್ರೆ ಅದು ನಮ್ಮ ಅರಬ್ಬೀ ಸಮುದ್ರದ ತಂತ್ರ, ನಮ್ಮ ಪಶ್ಚಿಮ ಕರಾವಳೀಲೂ ಅದೇ ನಡೀತಿತ್ತು. ಈ ಚಿತ್ರ ಆಗಿ 21 ವರ್ಷಕ್ಕೆ, 1258ರ ಫೆಬ್ರವರೀಲಿ ಮಂಗೋಲರ ಹುಲಗು ಬಾಗ್ದಾದನ್ನ ಧ್ವಂಸ ಮಾಡಿದ. ಇದು ಗೊತ್ತಿದ್ದು ಆ ಲೈಬ್ರರಿ ಚಿತ್ರ ನೋಡೋದೇ ಬೇರೆ.

ಚೀನಾದ ಚಿಂಗ್‌ಮಿಂಗ್ ಸುರುಳಿ ಚಿತ್ರ ನೋಡ್ದೇ ಇರ್ಬೇಡಿ. ಝಾಂಗ್ ಝೆದುವಾನ್ ಅನ್ನೋ ಕಲಾವಿದ ಹನ್ನೆರಡನೇ ಶತಮಾನದಲ್ಲಿ ಬರ್ದಿದ್ದು, ಎತ್ತರ ಒಂದು ಗೇಣು ಚಿಲ್ಲರೆ, ಉದ್ದ ಐದು ಮೀಟರ್ ದಾಟುತ್ತೆ, ಬೀಜಿಂಗ್ ಅರಮನೆ ಮ್ಯೂಸಿಯಂನಲ್ಲಿದೆ. ಬಲದಿಂದ ಎಡಕ್ಕೆ ನೋಡ್ಬೇಕು, ಹಳ್ಳಿ ಕಡೆಯಿಂದ ಶುರುವಾಗಿ ನದಿ ಪಕ್ಕ ಹೋಗ್ತಾ ಹೋಗ್ತಾ ಸಿಟಿ ಬರುತ್ತೆ. ನಡುವೆ ಮರದ ಕಮಾನು ಸೇತುವೆ, ಕೆಳಗೆ ನದೀಲಿ ಒಂದು ಕಂಬವೂ ಇಲ್ಲ, ಒಂದು ದೋಣಿ ಸೇತುವೆಗೆ ಹೊಡೆಯೋ ಹಾಗೆ ಬರ್ತಿದೆ, ಮೇಲೆ ನಿಂತ ಜನ ಬಗ್ಗಿ ಕೂಗಾಡ್ತಿದಾರೆ, ಸೇತುವೆ ಮೇಲೆ ಅಂಗಡಿ ಹಾಕ್ಕೊಂಡು ಕೂತೋರಿದಾರೆ. ಸಿಟಿ ಬಾಗಿಲಲ್ಲಿ ಒಂಟೆಗಳು, ಅಂದ್ರೆ ಒಳನಾಡಿನ ಒಣ ದಾರಿಯ ವ್ಯಾಪಾರ ಇಲ್ಲಿಗೆ ಬಂದು ಮುಟ್ತಿದೆ. ಈ ಊರು ಸಾಂಗ್ ವಂಶದ ರಾಜಧಾನಿ ಕೈಫೆಂಗ್ ಅಂತ ಹೆಚ್ಚಿನೋರು ಒಪ್ತಾರೆ, 1127ರಲ್ಲಿ ಅದು ಜಿನ್ ಸೈನ್ಯಕ್ಕೆ ಬಿದ್ದೋಯ್ತು. ಇದಕ್ಕೂ ನಕಲುಗಳ ಕಾಟ ಇದೆ. ಕಂದು ಬಣ್ಣಕ್ಕೆ ತಿರುಗಿ ಮಾಸಿದ ಹಾಗಿದ್ರೆ ಹಳೇದು, ಹಸಿರು ನೀಲಿ ಹೊಳೀತಾ ಸೇತುವೆ ಕಲ್ಲಿನದಾಗಿದ್ರೆ ಆಮೇಲಿನ ಪ್ರತಿ, ಅದರಲ್ಲಿ ಹೆಸರುವಾಸಿ ಆಗಿರೋದು 1736ರದ್ದು, ತೈಪೆ ಮ್ಯೂಸಿಯಂನಲ್ಲಿದೆ. ಹಳೇದರ ಸೇತುವೆ ಮರದ್ದು, ಹೊಸದರದ್ದು ಕಲ್ಲಿನದ್ದು, ಆರ್ನೂರು ವರ್ಷದ ವ್ಯತ್ಯಾಸ ಒಂದು ಸೇತುವೇಲಿ ಕಾಣುತ್ತೆ.

ಬಾಯೋ ಕಸೂತಿ ಪಟ್ಟಿ ಎಲ್ಲರಿಗೂ ಗೊತ್ತಿರೋದೇ, 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಕಥೆ, ಹತ್ತತ್ರ 70 ಮೀಟರ್ ಬಟ್ಟೆ, ಅವರ ಮ್ಯೂಸಿಯಂ ಸೈಟಲ್ಲಿ ತುದಿಯಿಂದ ತುದಿಗೆ ಎಳೀತಾ ನೋಡ್ಬಹುದು. ಇದನ್ನ ನೋಡುವಾಗ ಒಂದೇ ಒಂದು ಕೆಲಸ ಮಾಡಿ, ಧೂಮಕೇತು ಇರೋ ಜಾಗ ಹುಡುಕಿ. ಆಮೇಲೆ ಸೋತ ಇಂಗ್ಲೆಂಡಿನ ಹೆರಾಲ್ಡ್ ರಾಜನಾಗಿ ಪಟ್ಟಾಭಿಷೇಕ ಮಾಡ್ಕೊಂಡ ಪಕ್ಕದಲ್ಲೇ ಜನ ಆಕಾಶಕ್ಕೆ ಕೈ ತೋರಿಸ್ತಿದಾರೆ. ಆದ್ರೆ ಪಟ್ಟಾಭಿಷೇಕ ಆಗಿದ್ದು ಜನವರೀಲಿ, ಹ್ಯಾಲಿ ಧೂಮಕೇತು ಕಂಡಿದ್ದು ಏಪ್ರಿಲ್‌ನಲ್ಲಿ. ಗೆದ್ದೋರ ಕಡೆಯೋರು ಹೊಲಿಸಿದ ಚಿತ್ರ, ಈ ರಾಜನಿಗೆ ಅಪಶಕುನ ಆಗಿತ್ತು ಅಂತ ತೋರಿಸೋಕೆ ಹತ್ರಕ್ಕೆ ತಂದಿದಾರೆ. ಚಿತ್ರದಲ್ಲಿ ಎರಡು ಘಟನೆ ಪಕ್ಕ ಪಕ್ಕ ಇದ್ರೆ ತಾರೀಖು ಬೇರೆ ಕಡೆ ತಾಳೆ ನೋಡ್ದೇ ಮುಂದೆ ಹೋಗ್ಬಾರ್ದು. ಅಂಚಿನಲ್ಲಿರೋ ಸಣ್ಣ ಚಿತ್ರಗಳನ್ನೂ ಬಿಡ್ಬೇಡಿ, ಉಳುಮೆ, ಬಿತ್ತನೆ, ಹಕ್ಕಿ ಓಡಿಸೋದು ಎಲ್ಲಾ ಅಲ್ಲೇ ಇದೆ.

ಇನ್ನೊಂದು ದಾರಿ ನನಗೆ ತುಂಬಾ ಇಷ್ಟ, ಒಂದು ಇಸವಿ ಹಿಡ್ಕೊಂಡು ಪ್ರಪಂಚದ ಸುತ್ತ ಹೋಗೋದು. ಇಸವಿ 1258 ಅಂತಾನೇ ಇಟ್ಕೊಳ್ಳಿ. ಬಾಗ್ದಾದ್ ಬಿದ್ದ ವರ್ಷ. ಅದೇ 1258ರಲ್ಲಿ ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ನಮ್ಮ ಸೋಮನಾಥಪುರದ ಕೇಶವ ದೇವಸ್ಥಾನದ ಪ್ರತಿಷ್ಠೆ ಮಾಡಿಸಿದ. ದೇವಸ್ಥಾನದ ಹೊರಗೋಡೆ ಕೆಳಗಿನ ಪಟ್ಟೀಲಿ ಸಾಲು ಸಾಲು ಆನೆ, ಒಂದರ ಹಾಗೆ ಒಂದಿಲ್ಲ, ದಿನಾ ಆನೆ ನೋಡ್ದೋರ ಕೈ ಅದು. ಮೂರು ವರ್ಷ ಹಿಂದೆ, 1255ರಲ್ಲಿ ಫ್ರಾನ್ಸ್ ರಾಜ ಒಂಬತ್ತನೇ ಲೂಯಿ ಇಂಗ್ಲೆಂಡಿನ ಮೂರನೇ ಹೆನ್ರಿಗೆ ಒಂದು ಆನೆ ಗಿಫ್ಟ್ ಕಳಿಸಿದ್ದ, ಲಂಡನ್ ಟವರ್‌ನಲ್ಲಿ ಕಟ್ಟಿದ್ರು. ಮ್ಯಾಥ್ಯೂ ಪ್ಯಾರಿಸ್ ಅನ್ನೋ ಸನ್ಯಾಸಿ ಅದನ್ನ ಬರ್ದು, ಪಕ್ಕದಲ್ಲಿ ಮಾವುತನನ್ನೂ ನಿಲ್ಲಿಸಿ, ಈ ಮನುಷ್ಯನ ಅಳತೆ ನೋಡಿ ಪ್ರಾಣಿ ಎಷ್ಟು ದೊಡ್ಡದು ಅಂತ ತಿಳ್ಕೊಳ್ಳಿ ಅಂತ ಬರ್ದಿಟ್ಟ. ಅಲ್ಲಿಯವರೆಗೆ ಆ ಕಡೆ ಪುಸ್ತಕಗಳಲ್ಲಿ ಆನೆ ಅಂದ್ರೆ ಎಷ್ಟೋ ಸಲ ಸೊಂಡಿಲಿರೋ ಹಂದಿ ಥರಾನೇ ಬರ್ತಿತ್ತು. ಕೇಂಬ್ರಿಡ್ಜಿನ ಪಾರ್ಕರ್ ಲೈಬ್ರರೀಲಿದೆ ಆ ಹಸ್ತಪ್ರತಿ. ಸೋಮನಾಥಪುರದ ಆನೆ ಪಟ್ಟಿ ಫೋಟೋ, ಲಂಡನ್ನಿನ ಆನೆ, ಎರಡೂ ಪಕ್ಕ ಪಕ್ಕ ಇಟ್ಕೊಂಡು ನೋಡಿ. ಮೈಸೂರು ಕಡೆಯೋರಾದ್ರೆ ಅರ್ಧ ದಿನದಲ್ಲಿ ಹೋಗಿ ನೀವೇ ಫೋಟೋ ತೆಗೆದುಕೊಂಡು ಬರ್ಬಹುದು, ಪಟ್ಟೀನ ಎಡದಿಂದ ಬಲಕ್ಕೆ ಬಿಡ್ದೇ ಒಂದೊಂದು ಫ್ರೇಮ್ ತೆಗೀರಿ, ಬರೀ ಚಂದ ಇರೋದನ್ನ ಮಾತ್ರ ತೆಗೆದ್ರೆ ಹೋಲಿಸೋಕೆ ಆಗಲ್ಲ.

ಇಷ್ಟಾದ್ಮೇಲೆ ನಿಮ್ಮದೇ ಮ್ಯಾಪ್ ಮಾಡಿ. ಗೂಗಲ್ ಮೈ ಮ್ಯಾಪ್ಸ್ ಸಾಕು, ಇನ್ನೂ ಮುಂದೆ ಹೋಗ್ಬೇಕು ಅಂದ್ರೆ ಕ್ಯೂಜಿಐಎಸ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಹಳೇ ಮ್ಯಾಪನ್ನ ಇವತ್ತಿನದರ ಮೇಲೆ ಹಾಸ್ಬಹುದು, ಆದ್ರೆ ಹೆರೆಫರ್ಡ್ ಥರದ್ದನ್ನ ಹಾಸೋಕೆ ಹೋಗ್ಬೇಡಿ, ಅದಕ್ಕೆ ಅರ್ಥ ಇಲ್ಲ. ಶುರು ಮಾಡೋಕೆ ನಮ್ಮ ಕರಾವಳಿಗಿಂತ ಒಳ್ಳೇ ವಿಷಯ ಬೇಡ. ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ, ಟ್ಯುನೀಷಿಯಾ ಕಡೆಯೋನು, ಸುಮಾರು 1132ರಿಂದ 1149ರ ತನಕ ಹೆಚ್ಚು ಕಾಲ ಮಂಗಳೂರಲ್ಲಿದ್ದ. ಇಲ್ಲೇ ಅಶು ಅನ್ನೋ ಹೆಂಗಸನ್ನ ಗುಲಾಮಗಿರಿಯಿಂದ ಬಿಡಿಸಿದ, ಅವಳ ಜೊತೆ ಸಂಸಾರ ಮಾಡಿದ ಅಂತ ವಿದ್ವಾಂಸರು ಹೇಳ್ತಾರೆ, ಕಂಚಿನ ಪಾತ್ರೆ ಮಾಡೋ ಕಾರ್ಖಾನೆ ನಡೆಸ್ದ, ಅವನ ಪರವಾಗಿ ಏಡನ್ ತನಕ ಹೋಗಿ ಬರ್ತಿದ್ದ ಆಳಿನ ಹೆಸರು ಬೊಮ್ಮ. ಏಡನ್‌ನಿಂದ ಅವನ ಸ್ನೇಹಿತ ಮದ್ಮೂನ್ ಬರೆದ ಕಾಗದಗಳು ಹಳೇ ಕೈರೋದ ಒಂದು ಸಿನಗಾಗ್‌ನ, ಅಂದ್ರೆ ಯಹೂದಿ ಪ್ರಾರ್ಥನಾ ಮಂದಿರದ, ಗೆನಿಜಾ ಅನ್ನೋ ಕೋಣೇಲಿ ಏಳ್ನೂರು ಚಿಲ್ಲರೆ ವರ್ಷ ಹಂಗೇ ಉಳ್ಕೊಂಡಿದ್ವು, ಅರಬ್ಬಿ ಭಾಷೆ, ಹೀಬ್ರೂ ಲಿಪಿ, ಕೇಂಬ್ರಿಡ್ಜ್ ಡಿಜಿಟಲ್ ಲೈಬ್ರರೀಲಿ ಹರಿದ ಅಂಚು ಮಸಿ ಕಲೆ ಸಮೇತ ನೋಡ್ಬಹುದು, ಪ್ರಿನ್ಸ್‌ಟನ್‌ನೋರ ಗೆನಿಜಾ ಪ್ರಾಜೆಕ್ಟಲ್ಲಿ ವಿವರಾನೂ ಇರುತ್ತೆ. ಕಬ್ಬಿಣ, ಮೆಣಸು, ಅಡಿಕೆ ಇಲ್ಲಿಂದ ಹೋಗ್ತಿತ್ತು, ಕಾಗದ, ಸಕ್ಕರೆ, ಒಣದ್ರಾಕ್ಷಿ ಅಲ್ಲಿಂದ ಬರ್ತಿತ್ತು. ಮಂಗಳೂರು, ಏಡನ್, ಕೆಂಪು ಸಮುದ್ರ, ಕೈರೋ ಪಿನ್ ಹಾಕಿ ಗೆರೆ ಎಳೀರಿ, ಅದು ಒಂದು ಲೇಯರ್.

ಎರಡನೇ ಲೇಯರ್ ಮೊರಾಕ್ಕೋದ ಪ್ರಯಾಣಿಕ ಇಬ್ನ್ ಬತೂತ, ಸುಮಾರು ಇನ್ನೂರು ವರ್ಷ ಆದ್ಮೇಲೆ ಇದೇ ಕರಾವಳೀಲಿ ಇಳ್ಕೊಂಡು ಬಂದೋನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡ್ದೆ, ಇಂಥದ್ದು ಬೇರೆಲ್ಲೂ ನೋಡಿಲ್ಲ ಅಂತ ಹೇಳಿದಾನೆ. ಆಮೇಲೆ ಬಾರ್ಕೂರು, ಮಂಗಳೂರು. ಮೂರನೇದು ವೆನಿಸ್‌ನ ನಿಕೊಲೊ ಕೊಂಟಿ, 1420ರ ಸುಮಾರಿಗೆ ವಿಜಯನಗರ ನೋಡಿ, 1444ರಲ್ಲಿ ಇಟಲಿಗೆ ವಾಪಸ್ ಹೋಗಿ ಕಥೆ ಹೇಳ್ದ, ಅವನು ತಂದ ಸುದ್ದೀನ ವೆನಿಸ್‌ನ ಸನ್ಯಾಸಿ ಫ್ರಾ ಮೌರೋ 1450ರ ಆಸುಪಾಸಿನ ತನ್ನ ದೊಡ್ಡ ದುಂಡು ಮ್ಯಾಪಿಗೆ ಬಳಸ್ಕೊಂಡಿದಾನೆ ಅಂತ ವಿದ್ವಾಂಸರ ಅಭಿಪ್ರಾಯ. ಆ ಮ್ಯಾಪಲ್ಲಿ ಹತ್ತತ್ರ 3,000 ಬರಹ ಇದೆ, ದಕ್ಷಿಣ ಮೇಲಿದೆ, ಜೆರುಸಲೇಂ ನಡುವೆ ಇಲ್ಲ, ಯಾಕಿಲ್ಲ ಅಂತ ಅವನೇ ಸಮಜಾಯಿಷಿ ಬರ್ದಿದಾನೆ. ಫ್ಲಾರೆನ್ಸ್‌ನ ಗೆಲಿಲಿಯೋ ಮ್ಯೂಸಿಯಂನೋರು ಇದನ್ನ ಕ್ಲಿಕ್ ಮಾಡಿ ಓದೋ ಹಾಗೆ ಆನ್‌ಲೈನ್ ಮಾಡಿದಾರೆ. ಒಂದೊಂದು ಶತಮಾನಕ್ಕೆ ಒಂದೊಂದು ಬಣ್ಣ ಕೊಡಿ, ಮತ್ತೆ ಖಚಿತ ಇರೋ ಜಾಗಕ್ಕೆ ಒಂಥರ ಪಿನ್, ಹೀಗಿರ್ಬಹುದು ಅನ್ನೋದಕ್ಕೆ ಇನ್ನೊಂಥರ ಪಿನ್ ಹಾಕಿ. ಮುಂಗಾರಿನ ತಿಂಗಳುಗಳನ್ನ ಪಕ್ಕದಲ್ಲಿ ಬರ್ಕೊಳ್ಳಿ, ಜೋರು ಮಳೆಗಾಲದಲ್ಲಿ ನಮ್ಮ ಬಂದರುಗಳು ಮುಚ್ತಿದ್ವು, ಹಡಗು ಯಾವಾಗ ಹೊರಡ್ತಿತ್ತು, ವ್ಯಾಪಾರಿ ಯಾಕೆ ತಿಂಗಳುಗಟ್ಲೆ ಒಂದೇ ಊರಲ್ಲಿ ಕೂರ್ತಿದ್ದ, ಉತ್ತರ ಅದರಲ್ಲೇ ಇದೆ.

ಯೂಟ್ಯೂಬಲ್ಲಿ ಸಾಮ್ರಾಜ್ಯಗಳು ಬಣ್ಣ ಬಣ್ಣವಾಗಿ ಹರಡ್ಕೊಳ್ಳೋ ವಿಡಿಯೋ ಇರ್ತವಲ್ಲ, ನೋಡಿ ಆದ್ರೆ ನಂಬೋದು ಕಮ್ಮಿ ಇರ್ಲಿ. 1279ರ ಮಂಗೋಲ್ ಸಾಮ್ರಾಜ್ಯ ಅಂತ ಕೊರಿಯಾದಿಂದ ರಷ್ಯಾ ತನಕ ಒಂದೇ ಬಣ್ಣ ಬಳಿದಿರ್ತಾರೆ, ಅಷ್ಟೊತ್ತಿಗೆ ಅದು ನಾಲ್ಕು ಭಾಗ ಆಗಿ ತಮ್ಮ ತಮ್ಮಲ್ಲೇ ಯುದ್ಧ ಮಾಡ್ಕೊಂಡಿದ್ರು. ಹೊಯ್ಸಳರದ್ದೂ ಹಂಗೇ, ಗಟ್ಟಿ ಗೆರೆಯ ಗಡಿ ಆಗ ಇರ್ಲಿಲ್ಲ. ಅದರ ಬದಲು ನಮ್ಮ ಕಡೆ ಶಾಸನಗಳನ್ನ ಒಟ್ಟು ಮಾಡಿರೋ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಆರ್ಕೈವ್ ಸೈಟಲ್ಲಿ ಸ್ಕ್ಯಾನ್ ಆಗಿವೆ, ಒಬ್ಬ ರಾಜನ ಶಾಸನ ಸಿಕ್ಕಿದ ಊರುಗಳಿಗೆ ಒಂದೊಂದು ಚುಕ್ಕಿ ಇಡ್ತಾ ಹೋಗಿ, ಎಲ್ಲಿ ದಟ್ಟ ಎಲ್ಲಿ ತೆಳು ಅಂತ ಕಾಣುತ್ತೆ, ಅದೇ ಪ್ರಾಮಾಣಿಕ ಮ್ಯಾಪು. ವಾಟ್ಸಾಪಲ್ಲಿ ಬರೋ ಪ್ರಾಚೀನ ಮ್ಯಾಪುಗಳನ್ನ ಗೂಗಲ್ ಲೆನ್ಸ್‌ಗೆ ಹಾಕಿ, ಯಾವ ಲೈಬ್ರರಿ, ಯಾವ ಶೆಲ್ಫ್ ಗುರುತು, ಎಷ್ಟನೇ ಹಾಳೆ ಅಂತ ಸಿಗ್ಲಿಲ್ಲ ಅಂದ್ರೆ ಪಕ್ಕಕ್ಕಿಡಿ, ಈಗಂತೂ ಎಐ ಮಾಡಿದ ಹಳೇ ಮ್ಯಾಪು ತುಂಬಾ ಓಡಾಡ್ತಿವೆ. ಬ್ರಿಟಿಷ್ ಲೈಬ್ರರಿ ಹಸ್ತಪ್ರತಿಗಳ ಲಿಂಕ್ ಕೆಲವು ಓಪನ್ ಆಗದೇ ಇರ್ಬಹುದು, 2023ರ ಅಕ್ಟೋಬರ್‌ನಲ್ಲಿ ಅವರ ಮೇಲೆ ಸೈಬರ್ ದಾಳಿ ಆಗಿತ್ತು, ಆಮೇಲೆ ನಿಧಾನಕ್ಕೆ ವಾಪಸ್ ತರ್ತಿದಾರೆ, ಅಲ್ಲೀ ತನಕ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಹುಡುಕಿ.

ಮೇಷ್ಟ್ರುಗಳು ಯಾರಾದ್ರೂ ಓದ್ತಿದ್ರೆ ಒಂದು ಮಾತು. ಇದಕ್ಕೆ ಸ್ಮಾರ್ಟ್ ಕ್ಲಾಸ್ ಬೇಕಿಲ್ಲ, ಝೆರಾಕ್ಸ್ ಅಂಗಡೀಲಿ ಎ3 ಸೈಜಲ್ಲಿ ಇದ್ರಿಸಿದೊಂದು, ಕಾಂಗ್ನಿಡೋ ಒಂದು, ಹೆರೆಫರ್ಡ್ ಒಂದು ಕಲರ್ ಪ್ರಿಂಟ್ ತೆಗೆಸಿ, ಗೋಡೆಗೆ ಅಂಟಿಸ್ಬೇಡಿ, ನೆಲದ ಮೇಲೆ ಹಾಸಿ, ಮಕ್ಕಳು ಸುತ್ತ ಕೂತ್ಕೊಳ್ಳಲಿ. ಯಾವ ದಿಕ್ಕು ಮೇಲಿದೆ ಅಂತ ನೀವು ಹೇಳ್ಬೇಡಿ. ಮೆಡಿಟರೇನಿಯನ್ ಸಮುದ್ರ ಹುಡುಕಿ ಅನ್ನಿ, ಆಮೇಲೆ ಅರೇಬಿಯಾ, ಆಮೇಲೆ ನಮ್ಮ ಕಡೆ. ಮೂರರಲ್ಲೂ ಯಾವ ಊರಿನೋರು ಇದನ್ನ ಬರ್ದಿರ್ಬೇಕು ಅಂತ ಊಹೆ ಮಾಡೋಕೆ ಬಿಡಿ, ಕಾರಣ ಕೇಳಿ. ಎಂಟನೇ ಕ್ಲಾಸ್ ಮಕ್ಕಳಿಗೆ ಇದು ಒಂದು ಪೀರಿಯಡ್‌ನಲ್ಲಿ ಮುಗಿಯಲ್ಲ, ಎರಡು ಪೀರಿಯಡ್ ಒಟ್ಟಿಗೆ ಇರೋ ದಿನ ಇಟ್ಕೊಳ್ಳಿ.